ಖಾರ ಎಂಬ ಎರಡಕ್ಷರ

ವಾಗ್ಳೆ ಎಸ್ಟೇಟ್, ಠಾಣೆ
೧೨ ನವೆಂಬರ್ ೨೦೨೪

ಚೆನ್ನಯ,

ಮೊನ್ನೆಯಿಂದ ಹದಿನಾಲ್ಕು ಸಲ ಫೋನ್ ಮಾಡಿದ್ದೇನೆ. ನೀನು ಎತ್ತಲಿಲ್ಲ. ಹಾಗಾಗಿ ಕಾಗದ. ಹುಲಗಪ್ಪನ ಟೆಂಪೋ ಹೇಗೂ ವಾರಕ್ಕೆರಡು ಸಲ ನನ್ನ ಪ್ರೆಸ್ಸಿನಿಂದ ಲೇಬಲ್ ರೋಲ್ ತುಂಬಿಕೊಂಡು ಮಹಾಪೆಗೆ, ನಿನ್ನ ಮಸಾಲೆ ಫ್ಯಾಕ್ಟರಿಗೆ ಬರುತ್ತದೆ. ಚಲನ್ ಜೊತೆ ಇದನ್ನೂ ಪಿನ್ ಮಾಡಿದ್ದೇನೆ. ಚಲನ್‌ಗೆ ನಿನ್ನ ಸಹಿ ಬೀಳದೆ ಆ ಆಸಾಮಿ ಗೇಟಿನಿಂದ ಕದಲುವವನಲ್ಲ, ಆದ್ದರಿಂದ ಇದು ನಿನ್ನ ಕೈಗೆ ಬಂದೇ ಬರುತ್ತದೆ.

ಇಪ್ಪತ್ತಾರು ವರ್ಷದಿಂದ ನಿನ್ನ ಪ್ರತಿಯೊಂದು ಪೊಟ್ಟಣದ ಮೇಲೂ ನನ್ನ ಲೇಬಲ್ ಇದೆ. ನನ್ನ ಮೊದಲ ಮಶೀನಿನ ಮೊದಲ ಕೆಲಸ ನಿನ್ನ ಧನಿಯಾ ಪುಡಿಯದು. ಅಂಥ ನನ್ನನ್ನು ಮೊನ್ನೆಯ ಮೀಟಿಂಗಿನಲ್ಲಿ ಹೊಸದಾಗಿ ರೇಟು ಕೇಳಲು ಬಂದ ಸಪ್ಲೈಯರ್ ಹಾಗೆ ಕೂರಿಸಿ, ನಿನ್ನ ಮಗಳು ಮಾನಸಿ ಗೋಡೆಯ ಮೇಲೆ ಚಿತ್ರ ತೋರಿಸಿದಳು. ಲೇಬಲ್ ಖರ್ಚು ಇಳಿಸುವ ಆರು ದಾರಿ! ನಾಲ್ಕು ಬಣ್ಣ ಬೇಡ, ಎರಡು ಸಾಕು. ವಾರ್ನಿಶ್ ಬೇಡ. ಗಾತ್ರ ಚಿಕ್ಕದಾಗಲಿ. ಹನ್ನೊಂದು ಮಾಲಿಗೆ ಹನ್ನೊಂದು ಲೇಬಲ್ ಯಾಕೆ, ಎಲ್ಲದಕ್ಕೂ ಒಂದೇ ಹಸಿರು ಲೇಬಲ್ ಸಾಕು, ನಡುವೆ ಖಾಲಿ ಚೌಕ ಬಿಟ್ಟು ಅದರೊಳಗೆ ಹೆಸರು ಮಾತ್ರ ಕಪ್ಪಿನಲ್ಲಿ ಛಾಪಿಸಿದರೆ ಆಯಿತು.

ನಾನು ಹೇಳಿದೆ, "ಮಗಾ, ನಿಮ್ಮ ಪ್ಯಾಕಿಂಗ್ ಹೆಂಗಸರು ಓದಿ ಅಂಟಿಸುವುದಲ್ಲ. ಕೆಂಪು ಕಂಡರೆ ಮೆಣಸು, ಹಳದಿ ಕಂಡರೆ ಅರಿಶಿನ. ಅವರಿಗೆ ಬಣ್ಣವೇ ಅಕ್ಷರ." ಅದಕ್ಕೆ ಅವಳು ನಗುತ್ತಾ, "ಅಂಕಲ್, ಲೇಬಲ್ ಕೋಯಿ ಖಾತಾ ಹೈ ಕ್ಯಾ?" ಅಂದಳು, ಲೇಬಲ್ ಯಾರಾದರೂ ತಿನ್ನುತ್ತಾರಾ ಅಂತ. ಅಲ್ಲಿದ್ದವರೆಲ್ಲ ನಕ್ಕರು. ನೀನೂ ನಕ್ಕೆ. ಅವಳು ನಕ್ಕದ್ದಕ್ಕೆ ನನಗೆ ಬೇಸರವಿಲ್ಲ, ನನ್ನ ತೊಡೆಯ ಮೇಲೆ ಆಡಿದ ಮಗು ಅದು. ನೀನು ನಕ್ಕದ್ದನ್ನು ಮಾತ್ರ ನಾನು ಮರೆಯುವುದಿಲ್ಲ ಮಾರಾಯ.

ಉತ್ತರ ಬರೆ. ಬರೆಯಲು ಪುರುಸೊತ್ತಿಲ್ಲದಿದ್ದರೆ ಹುಲಗಪ್ಪನ ಹತ್ತಿರ ಬಾಯಲ್ಲಾದರೂ ಹೇಳಿ ಕಳಿಸು.

ಸಿಟ್ಟಿನಿಂದಲೇ,
ಲೀಲಾಧರ


ಮಹಾಪೆ
೧೮ ನವೆಂಬರ್ ೨೦೨೪

ಲೀಲಾಧರಣ್ಣನಿಗೆ ನಮಸ್ಕಾರ.

ಫೋನ್ ಎತ್ತದೇ ಇದ್ದದ್ದು ನಿಜ. ಎತ್ತಿದ್ದರೆ ಈ ಕಾಗದದಲ್ಲಿದ್ದದ್ದನ್ನೇ ಎರಡು ಪಟ್ಟು ದೊಡ್ಡ ಸ್ವರದಲ್ಲಿ ಹೇಳುತ್ತಿದ್ದಿರಿ.

ನಿಮಗೆ ನಿಮ್ಮ ಪ್ರೆಸ್ ಮಾತ್ರ ಕಾಣುತ್ತದೆ. ನನ್ನ ಮಾಲು ತೆಗೆದುಕೊಳ್ಳುವ ದೊಡ್ಡ ಅಂಗಡಿಯವರು ಪ್ರತಿ ಆರು ತಿಂಗಳಿಗೆ ಕರೆಸಿ, ಕಿಲೋಗೆ ಎಷ್ಟು ಇಳಿಸುತ್ತೀ ಎಂದು ಕೇಳುತ್ತಾರೆ. ಮೆಣಸಿನ ದರ ನನ್ನ ಕೈಯಲ್ಲಿಲ್ಲ, ಕರೆಂಟು ನನ್ನ ಕೈಯಲ್ಲಿಲ್ಲ. ಇಳಿಸಲು ಆಗುವುದು ಪೊಟ್ಟಣ ಮತ್ತು ಲೇಬಲ್ ಮಾತ್ರ. ವಿಳಾಸ ಒಂದು ಸಲ ಬದಲಾದದ್ದಕ್ಕೆ ಹನ್ನೊಂದು ಬಗೆಯ ರೋಲ್‌ಗಳನ್ನು ಕಸಕ್ಕೆ ಹಾಕಿದ್ದು ನೀವೂ ನೋಡಿದ್ದೀರಿ. ಒಂದೇ ಲೇಬಲ್ ಆದರೆ ಆ ದಂಡ ಇಲ್ಲ. ಮಾನಸಿ ಹೇಳಿದ್ದರಲ್ಲಿ ತಪ್ಪೇನು? ಓದಿಸಿದ್ದು ಇದಕ್ಕೇ ಅಲ್ಲವೇ?

ಬಣ್ಣದ ವಿಷಯಕ್ಕೂ ಉಪಾಯ ಮಾಡಿದ್ದೇವೆ. ಪ್ಯಾಕಿಂಗಿನಲ್ಲಿ ಬಾಗಿ ಇದ್ದಾಳಲ್ಲ, ಸುರಪುರದ ಕಡೆಯವಳು, ಏಳನೆಯ ತನಕ ಕನ್ನಡ ಶಾಲೆಗೆ ಹೋದವಳು. ಲೇಬಲ್ಲಿನ ಚೌಕದಲ್ಲಿ ಹೆಸರು ಮರಾಠಿಯಲ್ಲೂ ಕನ್ನಡದಲ್ಲೂ ಇರುತ್ತದೆ, ಮಾಲು ಎರಡೂ ರಾಜ್ಯಕ್ಕೆ ಹೋಗುತ್ತದಲ್ಲ. ಇನ್ನು ಮುಂದೆ ರೋಲ್ ತೆಗೆದುಕೊಡುವುದು ಬಾಗಿಯ ಕೆಲಸ. ಉಳಿದವರು ಅವಳು ಕೊಟ್ಟದ್ದನ್ನು ಅಂಟಿಸಿದರೆ ಸಾಕು.

ಅಣ್ಣಾ, ಖಡಾಖಡಿ ಹೇಳುತ್ತೇನೆ. ನಿಮಗೆ ಆಗದಿದ್ದರೆ ಭಿವಂಡಿಯ ಪ್ರೆಸ್ಸಿನವರು ಮಾಡಿಕೊಡಲು ತಯಾರಿದ್ದಾರೆ. ನಾನು ನಿಮಗೇ ಕೊಡಬೇಕೆಂದು ಕೂತಿದ್ದೇನೆ. ಹೆಸರುಗಳ ಪಟ್ಟಿಯನ್ನು ಮಾನಸಿ ಕಳಿಸುತ್ತಾಳೆ. ಯಾವಾಗಿನ ಹಾಗೆ ಪ್ರೂಫ್ ನೋಡಿ, ಸಹಿ ಮಾಡಿ ಕಳಿಸಿ.

ನಿಮ್ಮವನೇ,
ಚೆನ್ನಯ


ವಾಗ್ಳೆ ಎಸ್ಟೇಟ್
೨ ಡಿಸೆಂಬರ್ ೨೦೨೪

ಚೆನ್ನಯ,

ಮೊದಲ ಕಂತು ಏಳು ರೋಲ್ ಕಳಿಸಿದ್ದೇನೆ. ಮೆಣಸಿನ ಪುಡಿ ಸೇರಿ ಉಳಿದ ನಾಲ್ಕು ಮುಂದಿನ ಟೆಂಪೋದಲ್ಲಿ.

ನಿಮ್ಮ ಪಟ್ಟಿಯಲ್ಲಿ ಏನಿತ್ತೋ ಅದನ್ನೇ ಛಾಪಿಸಿದ್ದೇನೆ. ಒಂದಕ್ಷರ ಮುಟ್ಟಿಲ್ಲ. ಪ್ರೂಫಿಗೆ ಸಹಿ ಹಾಕಿದ್ದೇನೆ, ಮಾನಸಿಯದೂ ಇದೆ. ಇಷ್ಟು ರೇಟಿಗೆ ಇಷ್ಟೇ ಮಾತು.

ಲೀಲಾಧರ


ಮಹಾಪೆ
೯ ಜನವರಿ ೨೦೨೫

ಲೀಲಾಧರಣ್ಣನಿಗೆ,

ನಿಮ್ಮ ಕಿವಿಗೆ ಬಿದ್ದಿರಬಹುದು. ಕಲ್ಯಾಣದಲ್ಲಿ ಹಪ್ಪಳ ಮಾಡುವ ಮಹಿಳಾ ಮಂಡಳಿಯೊಂದು ನಮ್ಮಿಂದ ಪಾಪಡ್ ಖಾರ್ ತರಿಸುತ್ತದೆ. ಹಪ್ಪಳದ ಹಿಟ್ಟಿಗೆ ಹಾಕುವ ಬಿಳಿ ಕ್ಷಾರ, ನಿಮಗೆ ಗೊತ್ತೇ ಇದೆ. ಮೊನ್ನೆ ಸೋಮವಾರ ಅಲ್ಲಿಯ ಹೆಂಗಸೊಬ್ಬರು ಎಂದಿನಂತೆ ಪೊಟ್ಟಣದ ಮೂಲೆ ಕತ್ತರಿಸಿ ಕುದಿಯುವ ನೀರಿಗೆ ಸುರಿದಿದ್ದಾರೆ. ಒಳಗಿದ್ದದ್ದು ಮೆಣಸಿನ ಪುಡಿ. ಘಾಟು ಹಬೆಯೊಂದಿಗೆ ನೇರ ಮುಖಕ್ಕೆ ಹೊಡೆದಿದೆ. ಎರಡು ದಿನ ಕಣ್ಣು ಬಿಡಲಾಗಲಿಲ್ಲ. ದೇವರು ದೊಡ್ಡವನು, ದೃಷ್ಟಿಗೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಡಿಸೆಂಬರಿನಲ್ಲಿ, ನಿಮ್ಮ ಎರಡನೆಯ ಕಂತು ಬರುವ ಮೊದಲು, ಒಂದು ಇಡೀ ದಿನದ ಮೆಣಸಿನ ಪುಡಿಗೆ ಖಾರ್ ಲೇಬಲ್ ಅಂಟಿದೆ. ಸ್ಟೋರಿನವನು ಲೇಬಲ್ಲಿನ ಮರಾಠಿ ನೋಡಿ ಪೆಟ್ಟಿಗೆಗಳನ್ನು ಖಾರ್ ಎಂದೇ ಕಳಿಸಿದ್ದಾನೆ. ದೊಡ್ಡ ಅಂಗಡಿಯವರು ಎಲ್ಲ ಆರ್ಡರ್ ನಿಲ್ಲಿಸಿ, ತಪ್ಪು ಯಾರದೆಂದು ಬರಹದಲ್ಲಿ ಕೇಳಿದ್ದಾರೆ.

ಆ ದಿನ ರೋಲ್ ತೆಗೆದುಕೊಟ್ಟದ್ದು ಬಾಗಿ. ತಪ್ಪು ತನ್ನದೇ ಎಂದು ಅವಳಿಂದ ಮಾಫಿನಾಮಾ ಬರೆಸಿಕೊಂಡು ಕೆಲಸದಿಂದ ಬಿಡಿಸಿದ್ದೇವೆ. ಓದಲು ಬರುತ್ತದೆಂದು ನಂಬಿ ಕೊಟ್ಟ ಕೆಲಸ. ಇಷ್ಟು ಬೇಜವಾಬ್ದಾರಿ ಇರಬಾರದಿತ್ತು.

ನಿಮ್ಮಿಂದ ಒಂದು ಪತ್ರ ಬೇಕು. ರೋಲ್‌ಗಳಲ್ಲಿ ದೋಷವಿರಲಿಲ್ಲ, ಪಟ್ಟಿಯಂತೆಯೇ ಛಾಪಿಸಿ ಕೊಟ್ಟಿದ್ದೇವೆ ಎಂದು ನಿಮ್ಮ ಪ್ರೆಸ್ಸಿನ ಲೆಟರ್‌ಹೆಡ್ಡಿನಲ್ಲಿ. ದಯವಿಟ್ಟು ಇಂದೇ.

ಚೆನ್ನಯ


ಡೊಂಬಿವಲಿ
೧೪ ಜನವರಿ ೨೦೨೫

ಚೆನ್ನಯ,

ಪತ್ರ ಕೊಡುವುದಿಲ್ಲ. ಏನು ಮಾಡಿಕೊಳ್ಳುತ್ತೀಯೋ ಮಾಡಿಕೋ.

ನಿನ್ನೆ ಪ್ರೆಸ್ಸಿಗೆ ರಜೆ ಕೊಟ್ಟು ಬಾಗಿಯ ಖೋಲಿಗೆ ಹೋಗಿದ್ದೆ. ಹುಲಗಪ್ಪ ದಾರಿ ತೋರಿಸಿದ, ಅವಳ ಊರಿನ ಕಡೆಯವನೇ ಅವನು. ನಿನ್ನ ಫ್ಯಾಕ್ಟರಿಯ ಹಿಂದಿನ ಗುಡ್ಡದ ಬುಡದಲ್ಲಿ, ತಗಡಿನ ಮಾಡು. ನೀನು ಇಷ್ಟು ವರ್ಷದಲ್ಲಿ ಒಂದು ದಿನ ಆ ಓಣಿಗೆ ಕಾಲಿಟ್ಟಿರಲಿಕ್ಕಿಲ್ಲ. ಅವಳು ನನಗೆ ಚಹಾ ಕೊಟ್ಟಳು. ಆಮೇಲೆ ಕೇಳಿದಳು:

"ಸೇಠರ, ರೋಲಿನ ಮ್ಯಾಲ ಖಾರ ಅಂತ ಇತ್ತು. ಪೊಟ್ಟಣದಾಗ ಖಾರ ಇತ್ತು. ಖಾರಕ್ಕ ಖಾರ ಅಂತ ಹಚ್ಚೀನ್ರಿ. ನಾ ಏನ್ ತಪ್ಪ್ ಮಾಡೀನಿ ಹೇಳ್ರಿ?"

ನಾನು ಕಪ್ಪು ಕೆಳಗಿಟ್ಟು ಎದ್ದು ಬಂದೆ. ನಿನ್ನ ಹತ್ತಿರ ಉತ್ತರ ಇದ್ದರೆ ಹೇಳು. ಅವಳ ಊರಿನಲ್ಲಿ ಮೆಣಸಿನ ಪುಡಿಗೆ ಬೇರೆ ಹೆಸರೇ ಇಲ್ಲ, ಖಾರ ಎಂದೇ ಕರೆಯುವುದು. ಹಳೆಯ ಲೇಬಲ್ಲಿನಲ್ಲಿ ಹಪ್ಪಳ ಖಾರ ಎಂದು ಎರಡು ಪದ ಇದ್ದವು, ನೀಲಿ ಬಣ್ಣ ಇತ್ತು, ಮೇಲೆ ಒಂದು ಹಪ್ಪಳದ ಚಿತ್ರವೂ ಇತ್ತು. ಚೌಕ ಚಿಕ್ಕದಾಯಿತೆಂದು ಹಪ್ಪಳವನ್ನು ಕತ್ತರಿಸಿ ಎಸೆದದ್ದು ಯಾರು? ಮರಾಠಿಯ ಖಾರ್ ಪದವನ್ನು ಕಂಪ್ಯೂಟರಿಗೆ ತುರುಕಿ, ಅದು ಕಕ್ಕಿದ ಕನ್ನಡವನ್ನು ಹಾಗೇ ಪಟ್ಟಿಗೆ ಇಳಿಸಿದ್ದು ಯಾರು? ಮರಾಠಿಯವನು ಓದಿದರೆ ಕ್ಷಾರ, ಬಾಗಿ ಓದಿದರೆ ಮೆಣಸು. ನಿನ್ನ ಮಗಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಒಂದಕ್ಷರ ಬರುವುದಿಲ್ಲ. ಓದಲು ಬರುವವಳೊಬ್ಬಳೇ ಆ ಇಡೀ ಕಂಪೆನಿಯಲ್ಲಿ ಸರಿಯಾಗಿ ಓದಿದಳು. ಅವಳನ್ನೇ ಹೊರಗೆ ಹಾಕಿದಿರಿ!

ಇನ್ನೊಂದು. ಆ ಮಾಫಿನಾಮಾ ಮರಾಠಿಯಲ್ಲಿದೆಯಂತೆ. ಕೈಬರಹದ ಮರಾಠಿ ಅವಳಿಗೆ ಬಾರದು. ಪಗಾರಿನ ಕಾಗದ ಎಂದು ಹೇಳಿ ನಿನಗೆ ಕೆಲಸದ ಹೆಂಗಸರನ್ನು ಒದಗಿಸುವ ಕಾಂಟ್ರಾಕ್ಟರ್ ಸಹಿ ಹಾಕಿಸಿದ್ದಾನೆ. ಈಗ ಅದರ ಫೋಟೋ ಮಹಾಪೆಯ ಎಲ್ಲ ಕಾಂಟ್ರಾಕ್ಟರರ ವಾಟ್ಸ್ಯಾಪಿನಲ್ಲಿ ಓಡಾಡುತ್ತಿದೆ. ಮೂರು ಕಂಪೆನಿಯ ಗೇಟಿನಲ್ಲಿ ಅವಳ ಮುಖ ನೋಡಿ ವಾಪಸು ಕಳಿಸಿದ್ದಾರೆ. ನೀನು ಅವಳ ಒಂದು ಕೆಲಸ ಕಳೆದದ್ದಲ್ಲ, ಇಡೀ ಮಹಾಪೆಯಲ್ಲಿ ಎಲ್ಲೂ ಕೆಲಸ ಸಿಗದ ಹಾಗೆ ಮಾಡಿದ್ದೀ. ನಾಚಿಕೆಯಾಗುವುದಿಲ್ಲವೇ?

ಮಾಫಿನಾಮಾ ಹರಿದು ಹಾಕು. ಅವಳನ್ನು ವಾಪಸು ಕರೆ.

ಲೀಲಾಧರ


ಐರೋಲಿ
೨೭ ಜನವರಿ ೨೦೨೫

ಲೀಲಾಧರಣ್ಣ,

ನಾಚಿಕೆಯ ಪಾಠ ನನಗೆ ಹೇಳುತ್ತೀರಾ? ಸರಿ. ಇವತ್ತು ಇದನ್ನು ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಮಾನಸಿ ಪಟ್ಟಿ ಮಾಡಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಒಪ್ಪಿದೆ. ಕಲಿಸದ ತಪ್ಪು ನನ್ನದು, ಅದನ್ನೂ ಒಪ್ಪಿದೆ. ಆದರೆ ಪ್ರೂಫ್ ನೋಡಿದ್ದು ಯಾರು? ಈಗ ನನ್ನ ಮುಂದೆ ಇದೆ ಅದು. ಖಾರ ಎಂಬ ಎರಡಕ್ಷರದ ಕೆಳಗೆ ಒಂದು ಗೆಣ್ಣು ದೂರದಲ್ಲಿ ನಿಮ್ಮ ಸಹಿ ಇದೆ, ದುಂಡಗೆ, ಯಾವ ಅವಸರವೂ ಇಲ್ಲದೆ.

ನಿಮ್ಮನ್ನು ನಾನು ಇವತ್ತು ನಿನ್ನೆಯಿಂದ ಬಲ್ಲವನಲ್ಲ. ಒಂದು ಸಲ ಜೀರಿಗೆ ಎಂಬ ಪದದ ಗುಡಿಸು ಸರಿ ಬೀಳಲಿಲ್ಲ ಎಂದು, ನಾನು ಆಸ್ಪತ್ರೆಯಲ್ಲಿ ಹೆಂಡತಿಯ ಹೆರಿಗೆಗೆ ಕೂತಿದ್ದಾಗ ಅಲ್ಲಿಗೇ ಫೋನ್ ಮಾಡಿ ಜಗಳ ಆಡಿದವರು ನೀವು. ಒಂದು ಸೊನ್ನೆ ಹೆಚ್ಚಾದರೆ ಮಶೀನ್ ನಿಲ್ಲಿಸಿ ಕೇಳುತ್ತಿದ್ದಿರಿ. ಅರಿಶಿನವೋ ಅರಿಸಿನವೋ ಎಂದು ನಾವು ಒಂದು ಇಡೀ ಮಧ್ಯಾಹ್ನ ವಾದ ಮಾಡಿದ್ದೇವೆ. ಹಪ್ಪಳ ಹೋಗಿ ಬರೀ ಖಾರ ಉಳಿದದ್ದು ಅಂಥ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಈಗ ಮರಾಠಿಯವನು ಹೀಗೆ ಓದುತ್ತಾನೆ, ಬಾಗಿ ಹಾಗೆ ಓದುತ್ತಾಳೆ ಎಂದು ಎಷ್ಟು ಚೆನ್ನಾಗಿ ಬಿಡಿಸಿ ಬರೆದಿದ್ದೀರಿ! ಈ ಬುದ್ಧಿ ಪ್ರೂಫ್ ನೋಡುವಾಗ ಎಲ್ಲಿ ಹೋಗಿತ್ತು?

ನೋಡಿರಲಿಲ್ಲ ಎಂದು ಬರೆಯಿರಿ. ನಂಬುತ್ತೇನೆ. ವಯಸ್ಸಾಯಿತು, ಕನ್ನಡಕ ಬದಲಾಯಿಸಬೇಕು ಎಂದು ಬರೆಯಿರಿ. ಅದನ್ನೂ ನಂಬುತ್ತೇನೆ. ಆದರೆ ಏನಾದರೂ ಒಂದು ಬರೆಯಿರಿ.

ಚೆನ್ನಯ


ಡೊಂಬಿವಲಿ
೩ ಮಾರ್ಚ್ ೨೦೨೫

ಚೆನ್ನಯ,

ಐದು ವಾರವಾಯಿತು. ನಾಲ್ಕು ಸಲ ಬರೆದು ಹರಿದೆ.

ನೋಡಿದ್ದೆ.

ನವೆಂಬರ್ ಇಪ್ಪತ್ತೇಳನೆಯ ತಾರೀಕು, ಬೆಳಗಿನ ಚಹಾದ ಹೊತ್ತು. ಪ್ರೂಫ್ ಮೇಜಿನ ಮೇಲಿತ್ತು. ಆರನೆಯ ಸಾಲಿನಲ್ಲಿ ಖಾರ ಎಂದಿತ್ತು. ನೋಡಿದ ಕೂಡಲೇ ನಗು ಬಂತು. ನಿನಗೆ ಹೇಳಿದರೆ ನೀನೂ ನಗುತ್ತೀ ಎಂದು ಫೋನ್ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಆ ಮೀಟಿಂಗಿನ ನಗು ನೆನಪಾಯಿತು. ಲೇಬಲ್ ಯಾರೂ ತಿನ್ನುವುದಿಲ್ಲ ಅಲ್ಲವೇ? ಹಾಗಾದರೆ ಹೋಗಲಿ ಹೀಗೇ, ಕರ್ನಾಟಕದ ಅಂಗಡಿಯವನೊಬ್ಬ ಬೈದು ಪೆಟ್ಟಿಗೆ ವಾಪಸು ಕಳಿಸಲಿ, ಓದಿದ ಹುಡುಗಿಗೆ ಬುದ್ಧಿ ಬರಲಿ, ಅವಳಪ್ಪ ತಾನಾಗಿ ನನ್ನ ಬಾಗಿಲಿಗೆ ಬರಲಿ ಎಂದುಕೊಂಡೆ. ಫೋನ್ ಕೆಳಗಿಟ್ಟು ಸಹಿ ಹಾಕಿದೆ. ಅವಸರ ಇರಲಿಲ್ಲ, ನೀನು ಬರೆದದ್ದು ಸರಿ.

ಕುದಿಯುವ ನೀರು ನನ್ನ ಲೆಕ್ಕದಲ್ಲಿ ಇರಲಿಲ್ಲ. ಬಾಗಿಯಂತೂ ಇರಲೇ ಇಲ್ಲ. ನಾನು ಹೊಡೆದದ್ದು ನಿನಗೆ, ಪೆಟ್ಟು ತಿಂದದ್ದು ನನಗೆ ಮುಖವೂ ಸರಿಯಾಗಿ ಗೊತ್ತಿಲ್ಲದ ಇಬ್ಬರು ಹೆಂಗಸರು. ಕಲ್ಯಾಣಕ್ಕೆ ಹೋಗಿ ಆ ತಾಯಿಯನ್ನು ನೋಡಿ ಬಂದೆ. ಗುಣವಾಗಿದ್ದಾರೆ. ಲೇಬಲ್ ಮಾಡಿದವನು ನಾನು ಎಂದು ಹೇಳಿದೆ, ತಪ್ಪನ್ನು ಬೇಕೆಂದೇ ಬಿಟ್ಟೆ ಎಂದು ಮಾತ್ರ ಹೇಳಲಿಲ್ಲ.

ನನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂದು ನಿನಗೆ ಹೇಳಿ ಪ್ರಯೋಜನವಿಲ್ಲ. ಹಾಗೆಂದು ನಿನ್ನ ಮೇಲಿನ ಸಿಟ್ಟು ಒಂದು ಚೂರೂ ಕಡಿಮೆಯಾಗಿಲ್ಲ. ಬಾಗಿಯ ಮಾಫಿನಾಮಾ ಸುಳ್ಳು. ಅದು ಸುಳ್ಳೆಂದು ನಿನಗೆ ಗೊತ್ತು, ನನಗೆ ಗೊತ್ತು. ದೊಡ್ಡ ಅಂಗಡಿಯವರಿಗೆ ನನ್ನ ಹೆಸರು ಕೊಡು. ಪ್ರೆಸ್ಸಿಗೆ ಬೀಗ ಬಿದ್ದರೆ ಬೀಳಲಿ.

ಲೀಲಾಧರ


ಮಹಾಪೆ
೧೧ ಮಾರ್ಚ್ ೨೦೨೫

ಲೀಲಾಧರಣ್ಣನಿಗೆ,

ನಿಮ್ಮ ಕಾಗದ ಓದಿದೆ. ಪಪ್ಪಾ, ಅಂಕಲ್ ಏನು ಬರೆದಿದ್ದಾರೆ ಎಂದು ಮಾನಸಿ ಕೇಳುತ್ತಲೇ ಇದ್ದಾಳೆ. ನಾನು ಹೇಳಲಿಲ್ಲ. ನಿಮ್ಮ ಬಗ್ಗೆ ಅವಳಿಗೆ ಇರುವ ಗೌರವವನ್ನು ನಾನೇ ಯಾಕೆ ಕಳೆಯಲಿ?

ನಿಮ್ಮನ್ನು ಬಯ್ಯಬೇಕೆಂದು ಪೆನ್ನು ಹಿಡಿದೆ. ಆಗುತ್ತಿಲ್ಲ. ಆವತ್ತು ನಾನು ನಗಬಾರದಿತ್ತು, ಅಷ್ಟು ಮಾತ್ರ ಬರೆಯುತ್ತೇನೆ.

ಬಾಗಿಯ ವಿಷಯ ಹೀಗೆ ಮುಗಿಸೋಣ. ಕಾಂಟ್ರಾಕ್ಟರ್ ಮೂಲಕ ಹೇಳಿ ಕಳಿಸಿದ್ದೇನೆ, ಒಂದನೇ ತಾರೀಕಿನಿಂದ ಕೆಲಸಕ್ಕೆ ಬರಲಿ, ಸದ್ದಿಲ್ಲದೆ. ಆದರೆ ಮಾಫಿನಾಮಾ ಫೈಲಿನಲ್ಲಿ ಇರಬೇಕು. ದೊಡ್ಡ ಅಂಗಡಿಯವರು ಅದನ್ನು ನೋಡಿ ತೃಪ್ತರಾಗಿ ಆರ್ಡರ್ ಮತ್ತೆ ಶುರು ಮಾಡಿದ್ದಾರೆ. ಈಗ ಸುಳ್ಳೆಂದರೆ ನನ್ನ ಫ್ಯಾಕ್ಟರಿ, ನಿಮ್ಮ ಪ್ರೆಸ್ ಎರಡೂ ಮುಳುಗುತ್ತವೆ. ಅರವತ್ತು ಜನರ ಹೊಟ್ಟೆಯ ಪ್ರಶ್ನೆ. ಒಂದು ಕಾಗದ ಫೈಲಿನಲ್ಲಿ ಇದ್ದರೆ ಅವಳಿಗೇನು ನಷ್ಟ? ಅವಳಿಗೆ ಕೆಲಸ ಸಿಕ್ಕಿತು, ಅಲ್ಲಿಗೆ ಆಯಿತು.

ಮಾನಸಿ ಹಪ್ಪಳದ ಚಿತ್ರ ವಾಪಸು ಹಾಕಲು ಹೇಳಿದ್ದಾಳೆ. ಬಣ್ಣಗಳನ್ನೂ. ರೇಟು ನೀವೇ ಹೇಳಿ.

ನಿಮ್ಮವನೇ,
ಚೆನ್ನಯ


ಘಣಸೋಲಿ
೨೩ ಮಾರ್ಚ್ ೨೦೨೫

ಚೆನ್ನಯ ಸೇಠರಿಗೆ ಮತ್ತು ಲೀಲಾಧರ ಸೇಠರಿಗೆ ಬಾಗಿಯ ನಮಸ್ಕಾರಗಳು.

ನಾನು ಕ್ಷೇಮ. ಈಗ ಘಣಸೋಲಿಯ ಪೋಳಿ ಭಾಜಿ ಕೇಂದ್ರದಲ್ಲಿ ದಿನಕ್ಕೆ ನಾನೂರು ಚಪಾತಿ ಲಟ್ಟಿಸುತ್ತೇನೆ. ಇಲ್ಲಿ ಯಾರೂ ವಾಟ್ಸ್ಯಾಪ್ ನೋಡಿ ಕೆಲಸ ಕೊಡುವುದಿಲ್ಲ. ಇದೇ ಕಾಗದ ಎರಡು ಸಲ ಬರೆದು, ಹುಲಗಪ್ಪಣ್ಣನ ಕೈಯಲ್ಲಿ ಇಬ್ಬರಿಗೂ ಕೊಟ್ಟಿದ್ದೇನೆ.

ಹೋದ ರವಿವಾರ ಮಾನಸಿ ಮೇಡಂ ನನ್ನ ಖೋಲಿಗೆ ಬಂದಿದ್ದರು. ಕೈಯಲ್ಲಿ ಲೀಲಾಧರ ಸೇಠರು ಬರೆದ ನಾಲ್ಕು ಕಾಗದ ಇದ್ದವು. "ಪಪ್ಪಾ ಬತಾತೇ ನಹೀಂ, ಮುಝೆ ಪಢನಾ ನಹೀಂ ಆತಾ, ತುಮ್ ಪಢೋ" ಅಂದರು. ಪಪ್ಪಾ ಹೇಳುವುದಿಲ್ಲ, ತಮಗೆ ಓದಲು ಬಾರದು, ನೀನೇ ಓದು ಅಂತ. ಕನ್ನಡ ಓದುವವರು ಅವರಿಗೆ ಬೇರೆ ಯಾರೂ ಗೊತ್ತಿಲ್ಲ. ನಾನು ಒಂದೊಂದೇ ಸಾಲು ಓದಿ ಹೇಳಿದೆ. ಕಡೆಯ ಕಾಗದದಲ್ಲಿ ನೋಡಿದ್ದೆ ಎಂಬ ಮಾತನ್ನು ಎರಡು ಸಲ ಓದಿದೆ. ಮೇಡಂ ಅಳುತ್ತಿದ್ದರು. ನಾನು ಅಳಲಿಲ್ಲ.

ಲೀಲಾಧರ ಸೇಠರೇ, ನೀವು ನನ್ನ ಮನೆಗೆ ಬಂದಿರಿ. ಚಹಾ ಕುಡಿದಿರಿ. ನಾ ಏನ್ ತಪ್ಪ್ ಮಾಡೀನಿ ಅಂತ ನಾ ನಿಮ್ಮ ಮುಂದ ಕೂತು ಕೇಳೀನಿ. ಆವಾಗ ನಿಮಗ ಎಲ್ಲಾ ಗೊತ್ತಿತ್ತು. ತಲಿ ಕೆಳಗ ಹಾಕಿ ಕಪ್ಪ್ ಇಟ್ಟು ಹೋದ್ರಿ. ಪಾಪ, ದೊಡ್ಡ ಮನುಷ್ಯಾರು, ನನ್ನ ಸಲುವಾಗಿ ನೊಂದ್ಕೊಂಡಾರ ಅಂತ ನಾ ತಿಳಕೊಂಡೆ. ಅದು ನೆನಸಿಕೊಂಡರ ಮೈ ಉರೀತದ.

ಚೆನ್ನಯ ಸೇಠರೇ, ಕೆಲಸಕ್ಕೆ ಬಾ ಎಂದು ಹೇಳಿ ಕಳಿಸಿದ್ದೀರಿ. ಸದ್ದು ಮಾಡಬೇಡ ಅಂತಲೂ ಹೇಳಿಸಿದ್ದೀರಿ. ನಾನು ಬರುವುದಿಲ್ಲ. ಒಂದು ಕಾಗದ ಫೈಲಿನಲ್ಲಿದ್ದರೆ ಏನಾಯಿತು ಅಂತ ಕಾಂಟ್ರಾಕ್ಟರ್ ಕೇಳಿದ. ಏನೂ ಇಲ್ಲ ಅಂದರೆ ಅದರ ಮೇಲೆ ನಿಮ್ಮ ಮಗಳ ಹೆಸರು ಹಾಕಿರಿ. ಹಾಕ್ತೀರೇನು?

ನೀವಿಬ್ಬರೂ ನವೆಂಬರಿನಿಂದ ಬಡಿದಾಡುತ್ತಿದ್ದೀರಿ. ಅವರು ನಕ್ಕರು, ಇವರು ಸಿಟ್ಟಾದರು. ಲೀಲಾಧರ ಸೇಠರ ಕಾಗದಗಳಲ್ಲಿ ಬಾಗಿ ಎಂದು, ಅವಳು ಎಂದು ಎಷ್ಟು ಸಲ ಇದೆ ಎಂದು ಓದುವಾಗ ಎಣಿಸಿದೆ, ಬೆರಳು ಸಾಲಲಿಲ್ಲ. ಬಾಗಿಯನ್ನು ಕರೆ, ಬಾಗಿಯನ್ನು ಬಿಡು, ಬಾಗಿ ಪಾಪ, ಬಾಗಿ ಬೇಜವಾಬ್ದಾರಿ. ಬಾಗಿಗೆ ಒಂದು ಕಾಗದ ಯಾರೂ ಬರೆಯಲಿಲ್ಲ. ನನಗ ಓದಾಕ ಬರ್ತದ ಅಂತ ಇಬ್ಬರಿಗೂ ಗೊತ್ತಿತ್ತಲ್ರಿ!

ನನಗೆ ಬೇಕಾದದ್ದು ಇಷ್ಟೇ. ನನ್ನ ಮಾಫಿನಾಮಾ ಯಾರ್‍ಯಾರಿಗೆ ಹೋಗಿದೆಯೋ ಅವರೆಲ್ಲರಿಗೂ, ದೊಡ್ಡ ಅಂಗಡಿಯವರಿಗೂ, ಎಲ್ಲ ಕಾಂಟ್ರಾಕ್ಟರರಿಗೂ, ನಿಮ್ಮಿಬ್ಬರ ಮಾಫಿನಾಮಾ ಹೋಗಬೇಕು. ಏನು ನಡೆಯಿತೋ ಅದೇ ಇರಬೇಕು. ಮೇಡಂ ತಮ್ಮ ಹೆಸರೂ ಹಾಕುತ್ತೇನೆ ಅಂದಿದ್ದಾರೆ, ಹೆದರಿದ್ದಾರೆ, ಆದರೂ ಅಂದಿದ್ದಾರೆ. ನಿಮ್ಮ ಫ್ಯಾಕ್ಟರಿ ಮುಳುಗುತ್ತದೆ ಅಂತ ನನಗೆ ಹೇಳಬೇಡಿರಿ. ನಾನು ಮುಳುಗುವಾಗ ನೀವು ಕೇಳಲಿಲ್ಲ.

ಮರಾಠಿಯಲ್ಲಿ ಬರೆಯಿರಿ, ಪಕ್ಕದಲ್ಲಿ ಕನ್ನಡದಲ್ಲಿಯೂ ಬರೆಯಿರಿ. ಬರೆದದ್ದನ್ನು ಮೊದಲು ನನ್ನ ಹತ್ತಿರ ಕಳಿಸಿರಿ. ಪ್ರೂಫ್ ನಾ ನೋಡ್ತೀನಿ. ನಾ ಓದಿ ಸರಿ ಅದ ಅಂದ ಮ್ಯಾಲ ನೀವು ಸಹಿ ಮಾಡ್ರಿ.

ಇಂತಿ,
ಬಾಗಿ